ದೇವರ ಲೈನ್

ಅಣ್ಣ ತೀರಿಕೊಂಡ ಹದಿನಾಲ್ಕನೆಯ ದಿನ ನಾನು ಕೆಲಸದ ಚೀಲವನ್ನು ಮತ್ತೆ ಹೆಗಲಿಗೆ ಹಾಕಿಕೊಂಡೆ. ಮನೆಯಲ್ಲಿ ಕುಳಿತರೆ ಮಾತಾಡಿಸಲು ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಎದೆನೋವು ಯಾವ ಹೊತ್ತಿಗೆ ಬಂತು, ಹತ್ತಿರ ಯಾರಿದ್ದರು, ನೀರು ಕುಡಿದನೋ ಇಲ್ಲವೋ. ಹೇಳಿ ಹೇಳಿ ಅದು ಯಾರದೋ ಮನೆಯ ಸುದ್ದಿಯ ಹಾಗೆ ನನಗೇ ಕೇಳಿಸತೊಡಗಿತ್ತು. ಅಷ್ಟರಲ್ಲಿ ಸಿರಸಂಗಿಯಿಂದ ಫೋನ್ ಬಂತು. ಮೂರು ದಿನದಿಂದ ಮನೆಯಲ್ಲಿ ಸುಟ್ಟ ವಾಸನೆ, ಎಲ್ಲಿಂದ ಬರುತ್ತಿದೆ ತಿಳಿಯುತ್ತಿಲ್ಲ ಎಂದರು.

“ನಿಮ್ಮಣ್ಣಾರಿಗೆ ಫೋನ್ ಹಚ್ಚಿದ್ವಿರಿ,” ಅಂದಳು ಫೋನ್ ಮಾಡಿದ ಹೆಣ್ಣುಮಗಳು. “ನಿಮ್ಮ ವೈನ್ಯಾರು ಎತ್ತಿದ್ರು. ಅವರು ಇಲ್ಲ ಅಂದ್ರು. ನಿಮ್ಮ ನಂಬರ ಕೊಟ್ರು.”

ವೈನಿ ಎಂದರೆ ಅಣ್ಣನ ಹೆಂಡತಿ. ಅವಳು ಅಣ್ಣನ ಫೋನನ್ನು ಬಂದ್ ಮಾಡಿರಲಿಲ್ಲ.

ನಾನು ಬೈಲಹೊಂಗಲದಲ್ಲಿ ಮನೆಗಳ ವೈರಿಂಗ್ ಮಾಡುವವ. ಐಟಿಐ ಓದಿದ್ದೇನೆ, ಪರವಾನಗಿ ಇದೆ. ಅಣ್ಣ ಓದಿದವನಲ್ಲ. ಊರಲ್ಲೇ ಇದ್ದು ಬೋರ್‌ವೆಲ್ಲಿನ ಮೋಟಾರ್ ಎತ್ತುವ, ಇಳಿಸುವ ಕೆಲಸ ಮಾಡುತ್ತಿದ್ದ. ಸವದತ್ತಿ, ರಾಮದುರ್ಗ, ಕಿತ್ತೂರು ಅಂತ ಕರೆದಲ್ಲಿಗೆ ಹೋಗುತ್ತಿದ್ದ. ಹೊಲದ ಕೆಲಸ ಮುಗಿಸಿ ಅವರ ಮನೆಯಲ್ಲೇ ಉಂಡು, ಉಂಡ ಮನೆಯ ಕೆಟ್ಟ ಸ್ವಿಚ್ಚು, ನಿಂತ ಫ್ಯಾನು ನೋಡಿಕೊಟ್ಟು ಬರುತ್ತಿದ್ದ. ಜನಕ್ಕೆ ಅವನೆಂದರೆ ಜೀವ.

ಸಿರಸಂಗಿಯದು ಹಳೆಯ ಜಂತಿಮನೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಒಳಗೆ ದೇವರ ಕೋಣೆ, ಅದಕ್ಕೆ ಅಂಟಿಕೊಂಡು ಕಿಟಕಿಯಿಲ್ಲದ ಒಳಕೋಣೆ. ಎರಡರ ಮೇಲೂ ಹಲಗೆ ಹಾಸಿದ ಒಂದೇ ಅಟ್ಟ. ಒಳಕೋಣೆಯಲ್ಲಿ ಮನೆಯ ಮಗಳು ಬಾಣಂತಿ ಮಲಗಿದ್ದಳು. ಮಂಚದ ಕೆಳಗೆ ಕೆಂಡದ ಶೇಗಡಿ, ಲೋಬಾನದ ಹೊಗೆ. ವಾಸನೆಯ ಮೂಲ ಮೂರು ದಿನ ಯಾರಿಗೂ ತಿಳಿಯದೇ ಇದ್ದದ್ದಕ್ಕೆ ಕಾರಣ ಆ ಹೊಗೆ. ನಾನು ಬಾಗಿಲಲ್ಲೇ ನಿಂತು ಉಸಿರೆಳೆದು ನೋಡಿದೆ. ಲೋಬಾನದ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ರಬ್ಬರ್ ಸುಟ್ಟದ್ದು.

ನಾನು ಮೊದಲು ಮಾಡುವ ಕೆಲಸ ಯಾವಾಗಲೂ ಒಂದೇ. ಕರೆಂಟ್ ಇರುವ ಜಾಗದಲ್ಲಿ ಟೆಸ್ಟರ್ ಇಟ್ಟು, ಟೆಸ್ಟರ್ ಸರಿಯಿದೆಯೇ ನೋಡುವುದು. ಮೇನ್ ಸ್ವಿಚ್ ಕೆಳಗೆ ಎಳೆಯುವುದು. ಅದರ ಪಿಂಗಾಣಿ ಫ್ಯೂಜ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವುದು. ಫ್ಯೂಜ್ ನನ್ನ ಜೇಬಿನಲ್ಲಿದ್ದರೆ ಮರೆತು ಯಾರೂ ಕರೆಂಟ್ ಹಾಕಲಾರರು.

ಪಡಸಾಲೆಯಲ್ಲಿ ಕುಳಿತಿದ್ದ ಮನೆಯ ಹಿರಿಯ ಅಜ್ಜ ನೋಡುತ್ತಿದ್ದ. “ನಿಮ್ಮಣ್ಣ ಬಂದ್ರ ಮೊದಲ ಚಾ ಕುಡೀತಿದ್ದ. ನೀ ಬಂದ್ ಕೂಡ್ಲೆ ಫ್ಯಾನ್ ಬಂದ್ ಮಾಡಿದಿ. ಓದಿದ ಮಂದೀದು ಹಿಂಗ.”

“ಇಳದ ಬಂದು ಕುಡೀತೇನ್ರಿ ಅಜ್ಜಾರ,” ಅಂದು ಏಣಿ ಹತ್ತಿದೆ.

ಅಟ್ಟದಲ್ಲಿ ಮೊಣಕಾಲೂರಿಯೂ ಕೂರಲಾಗದಷ್ಟು ತಗ್ಗು. ಹೊಟ್ಟೆಯ ಮೇಲೆ ತೆವಳಬೇಕು. ತುಂಬ ಹತ್ತಿ. ದರ ಬರಲಿ ಎಂದು ಗೋಣಿಯಲ್ಲಿ ಕಟ್ಟದೆ ಹಾಗೇ ಸುರಿದಿಟ್ಟ ಹತ್ತಿ, ಮೇಲೆ ಎರಡು ಹಳೆಯ ಕೌದಿ. ಬ್ಯಾಟರಿಯನ್ನು ಬಾಯಲ್ಲಿ ಕಚ್ಚಿಕೊಂಡು, ಫ್ಯಾನಿನ ವೈರಿಗೆ ಟೆಸ್ಟರ್ ಮುಟ್ಟಿಸಿದೆ. ಕರೆಂಟ್ ಇರಲಿಲ್ಲ. ಮುಂದೆ ತೆವಳಿದೆ. ತೊಲೆಯ ಪಕ್ಕ ಹತ್ತಿಯೊಳಗಿಂದ ತೆಳುವಾದ ಎರಡೆಳೆಯ ವೈರೊಂದು ಬಂದಿತ್ತು. ಕರೆಗಂಟೆಗೆ ಹಾಕುವಷ್ಟು ತೆಳು. ಎಲ್ಲ ಸತ್ತ ವೈರುಗಳ ನಡುವೆ ಇದೂ ಒಂದು ಎಂದುಕೊಂಡು, ಎತ್ತಿ ನೋಡೋಣ ಅಂತ ಬಲಗೈ ಚಾಚಿದೆ.

ಬಾಯೊಳಗಿನ ಬ್ಯಾಟರಿ ಜಾರಿ ಬೆಳಕು ಆಚೆ ತಿರುಗಿತು. ಕತ್ತಲಾದ ಜಾಗದಲ್ಲಿ, ನನ್ನ ಎದೆಯ ಕೆಳಗಿನ ಹಲಗೆಯ ಬಿರುಕಿನಲ್ಲಿ, ಕೆಂಪು ಬೆಳಕು ಕಂಡಿತು.

ಕೆಳಗೆ ದೇವರ ಕೋಣೆ. ದೇವರನ್ನಿಟ್ಟ ಜಗಲಿಯ ಮೇಲೆ ಜೀರೋ ಬಲ್ಬ್ ಉರಿಯುತ್ತಿತ್ತು.

ಮೇನ್ ತೆಗೆದಿದ್ದೆ. ಫ್ಯೂಜ್ ನನ್ನ ಜೇಬಿನಲ್ಲಿತ್ತು. ಬೋರಲಾಗಿ ಮಲಗಿದ್ದರಿಂದ ಅದು ಎದೆಗೆ ಒತ್ತುತ್ತಲೇ ಇತ್ತು. ಆದರೂ ಬಲ್ಬ್ ಉರಿಯುತ್ತಿತ್ತು. ನನ್ನ ಕೈ ವೈರಿನಿಂದ ನಾಲ್ಕು ಬೆರಳು ದೂರದಲ್ಲಿತ್ತು. ಆ ಕೈಯನ್ನು ಹಿಂದಕ್ಕೆ ತರಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಉಸಿರು ಬಿಟ್ಟರೆ ಹತ್ತಿ ಹಾರಿ ಮೂಗಿಗೆ ಬರುತ್ತಿತ್ತು.

ಟೆಸ್ಟರ್ ಇಟ್ಟೆ. ಉರಿಯಿತು.

ಬೆಳಕನ್ನು ವೈರಿನ ಉದ್ದಕ್ಕೂ ಹಾಯಿಸಿದೆ. ಒಂದು ಜೋಡಣೆ ಕಂಡಿತು. ಎರಡು ವೈರು ಹೊಸೆದು, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ದಾರದಿಂದ ಬಿಗಿದಿತ್ತು. ಮೂರು ಸುತ್ತು, ನಡುವೆ ಒಂದು ಅಡ್ಡ ಎಳೆ. ಬಿತ್ತುವ ಕೂರಿಗೆಯ ತಾಳು ಕಟ್ಟುವ ಗಂಟು ಅದು. ನಮ್ಮ ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದ. ವೈರಿನ ಮೇಲೆ ಆ ಗಂಟು ಹಾಕುವವ ನಾನು ಕಂಡಂತೆ ಒಬ್ಬನೇ. ಟ್ಯೂಬು ಒಣಗಿ ಸೀಳಿತ್ತು, ದಾರ ಕಪ್ಪಾಗಿತ್ತು. ಗಂಟು ಮಾತ್ರ ಬಿಚ್ಚಿರಲಿಲ್ಲ.

ಅದನ್ನು ನೋಡುತ್ತ ಇದ್ದಾಗಲೇ ಜೋಡಣೆ ಚಿರ್ ಎಂದಿತು. ಮುಖಕ್ಕೆ ಬಿಸಿ ಬಡಿಯಿತು. ಹೊಗೆಯ ಸಣ್ಣ ಎಳೆಯೊಂದು ಎದ್ದು ಹತ್ತಿಯೊಳಗೆ ಸೇರಿತು.

“ಅಕ್ಕಾರ, ಕೆಳಗ ಏನ ಹಚ್ಚಿದ್ರಿ?” ಎಂದು ಕೂಗಿದೆ.

ಮನೆಯ ಯಜಮಾನತಿ, ಬಾಣಂತಿಯ ತಾಯಿ, ಕೆಳಗಿನಿಂದ ಓಗೊಟ್ಟಳು. “ನೀರಿಗೆ ಕಾಯಿಲ್ ಹಚ್ಚೇನ್ರಿ, ಕೂಸಿನ ಜಳಕದ ಹೊತ್ತಾತು. ನೀವು ಮಾಡ್ರಿ ನಿಮ್ಮ ಕೆಲಸ. ಇದು ದೇವರ ಲೈನ್‌ರಿ. ಇದಕ್ಕ ಏನೂ ಆಗೂದಿಲ್ಲ.”

“ತಗೀರಿ! ಪ್ಲಗ್ ತಗೀರಿ ಮೊದಲ! ನೀರು ಮುಟ್ಟಬ್ಯಾಡ್ರಿ!”

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಪ್ಲಗ್ ತೆಗೆದ ಸದ್ದಾಯಿತು. ಚಿರ್ ಎನ್ನುವುದು ನಿಂತಿತು. ಹೊಗೆ ನಿಲ್ಲಲಿಲ್ಲ.

ಹತ್ತಿಗೆ ಹತ್ತಿದ ಬೆಂಕಿ ಮೇಲಕ್ಕೆ ಏಳುವುದಿಲ್ಲ. ಒಳಗೊಳಗೇ ಹರಿಯುತ್ತದೆ. ಮೇಲೆ ಬೆಳ್ಳಗೆ ಇರುತ್ತದೆ, ಅಡಿಯಲ್ಲಿ ಕೆಂಡ. ನೀರು ಹಾಕುವಂತಿಲ್ಲ, ವೈರಿನಲ್ಲಿ ಇನ್ನೂ ಕರೆಂಟ್ ಇತ್ತು. ಆ ಕರೆಂಟ್ ತೆಗೆಯಲು ನನ್ನ ಹತ್ತಿರ ಸ್ವಿಚ್ ಇರಲಿಲ್ಲ. ನಾನು ಹಿಮ್ಮುಖವಾಗಿ ತೆವಳಿ, ಕಾಲಿಂದ ಏಣಿ ಹುಡುಕಿ ಇಳಿದೆ.

“ಬಾಣಂತೀನ್ನ ಹೊರಗ ಕರಕೊಂಡ ಬರ್ರಿ.”

“ಹದಿನಾರ ದಿನದ ಬಾಣಂತಿ ಗಾಳಿಗೆ ಬರಬಾರದರಿ,” ಅಂದಳು ಯಜಮಾನತಿ. “ಏನ ಆಗೇತಿ ಹೇಳ್ರಿ ಮೊದಲ.”

ನಾನು ಹೇಳುವ ಮೊದಲೇ ಬಾಣಂತಿ ಕಿವಿಗೆ ಅರಿವೆ ಸುತ್ತಿಕೊಂಡು, ಕೂಸನ್ನು ಸೆರಗಿನೊಳಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. “ಯವ್ವಾ, ಅವರ ಮಾರಿ ನೋಡ. ಕೇಳ್ಕೋತ ನಿಂತೀಯಲ್ಲ,” ಅಂದವಳೇ ಎದುರು ಮನೆಗೆ ನಡೆದಳು.

ಊರಿನ ಲೈನ್‌ಮನ್‌ಗೆ ಫೋನ್ ಮಾಡಿ, ಮನೆಗೆ ಬರುವ ಸರ್ವಿಸ್ ವೈರನ್ನು ಕಂಬದಲ್ಲೇ ತೆಗೆಯಬೇಕೆಂದೆ. ಅವನು ಎಲ್ಲೋ ಹೊಲದಲ್ಲಿದ್ದ. ಬಂದು ಏಣಿ ಹಾಕುವವರೆಗೆ ನಾನು ಅಟ್ಟದ ಬಾಯಲ್ಲಿ ಒಣ ಬಿದಿರ ಕೋಲು ಹಿಡಿದು, ಹತ್ತಿಯನ್ನು ವೈರಿನಿಂದ ಸ್ವಲ್ಪ ಸ್ವಲ್ಪ ಸರಿಸುತ್ತ ನಿಂತೆ. ದೇವರ ಕೋಣೆಯ ಕೆಂಪು ದೀಪ ಕಾಣುತ್ತಿತ್ತು. ಅದು ಆರಲಿ, ಆರಲಿ ಎಂದು ಕಾದೆ. ದೇವರ ದೀಪ ಆರಲಿ ಎಂದು ಅದಕ್ಕೆ ಮೊದಲು ನಾನು ಯಾವತ್ತೂ ಬಯಸಿರಲಿಲ್ಲ.

ಅದು ಆರಿದ ಮೇಲೆ ಹತ್ತಿಯನ್ನೆಲ್ಲ ಅಂಗಳಕ್ಕೆ ಎಳೆದು ಹಾಕಿದೆವು. ಕೊನೆಯ ರಾಶಿಯ ಅಡಿಯಲ್ಲಿ, ತೆಂಗಿನಕಾಯಿ ಗಾತ್ರದ ಒಂದು ಕಪ್ಪು ಉಂಡೆ. ಒಡೆದರೆ ನಡುವೆ ಕೆಂಡ. ಅಜ್ಜ ಅದರ ಮೇಲೆ ಮಣ್ಣು ಹಾಕಿ, ಕಾಲಲ್ಲಿ ತುಳಿದು, ಮತ್ತೆ ಮಣ್ಣು ಹಾಕಿದ. ತೊಲೆ ಆರು ಕಡೆ ಬೆರಳುದ್ದ ಸುಟ್ಟಿತ್ತು. ಅದರ ನೇರ ಕೆಳಗೆ ಬಾಣಂತಿಯ ಮಂಚ.

ಅಣ್ಣ ಮಾಡಿದ್ದು ಏನೆಂದು ಈಗ ಬೋರ್ಡು ಬಿಚ್ಚಿ ನೋಡಿದೆ. ಕರೆಂಟ್ ಕಳವು ಅಲ್ಲ. ಮೀಟರ್ ದಾಟಿದ ಮೇಲೆ, ಆದರೆ ಮೇನ್ ಸ್ವಿಚ್ಚಿಗೆ ಹೋಗುವ ಮೊದಲು, ಆ ತೆಳು ವೈರನ್ನು ಜೋಡಿಸಿದ್ದ. ಯಾರೋ ಮೇನ್ ತೆಗೆದರೆ, ಫ್ಯೂಜ್ ಹೋದರೆ ದೇವರ ದೀಪ ಆರಬಾರದು, ಅಷ್ಟೇ ಅವನ ಲೆಕ್ಕ. ಒಂದು ಜೀರೋ ಬಲ್ಬಿಗೆ ಆ ವೈರು ಸಾಕು. ಆದರೆ ಬಾಣಂತನಕ್ಕೆ ನೀರು ಕಾಸುವ ಕಾಯಿಲ್ ಬಂತು. ಕಾಯಿಲ್ ಹಚ್ಚಿದರೆ ಮನೆಯ ಫ್ಯೂಜ್ ಹೋಗುತ್ತಿತ್ತು. ದೇವರ ಲೈನಿಗೆ ಹಚ್ಚಿದರೆ ಏನೂ ಹೋಗುತ್ತಿರಲಿಲ್ಲ. ಹೋಗಲು ಅದರಲ್ಲಿ ಫ್ಯೂಜೇ ಇರಲಿಲ್ಲ. ದೇವರ ಲೈನ್ ಗಟ್ಟಿ ಎಂದು ಅವರು ನಂಬಿ, ಬಲ್ಬಿನ ಪಕ್ಕವೇ ಒಂದು ಸಾಕೆಟ್ ಹಾಕಿಸಿಕೊಂಡಿದ್ದರು.

“ವೈರ್ ಹಳೇದಾಗಿತ್ರಿ,” ಅಂದೆ ನಾನು. ಅಷ್ಟೇ ಅಂದೆ. ತಪ್ಪು ಯಾರದೆಂದು ಹೇಳುವ ಧೈರ್ಯವಾಗಲಿಲ್ಲ.

ಹಳೆಯದೆಲ್ಲ ಕಿತ್ತು, ದೇವರ ಬಲ್ಬಿಗೆ, ಮೇನ್ ತೆಗೆದರೆ ಅದೂ ಆರುವ ಹಾಗೆ, ಮೇನ್ ಸ್ವಿಚ್ ದಾಟಿದ ಮೇಲಿನಿಂದ ಬೇರೆ ವೈರು ಎಳೆದು, ಹೊರೆ ಹೆಚ್ಚಾದರೆ ತಾನೇ ಬೀಳುವ ಸಣ್ಣ ಎಂಸಿಬಿಯೊಂದನ್ನು ಅದಕ್ಕೆ ಕೂರಿಸಿದೆ. ಕಾಯಿಲಿಗೆ ದಪ್ಪ ವೈರು, ಅರ್ಥಿಂಗ್. ಅಷ್ಟರವರೆಗೆ ಯಜಮಾನತಿ ಜಗಲಿಯ ಮುಂದೆ ಎಣ್ಣೆಯ ದೀಪ ಹಚ್ಚಿದ್ದಳು. ಚಹಾ ಕೊಡುತ್ತ ಅಂದಳು, “ನಿಮ್ಮಣ್ಣಾರು ದೇವರ ಲೈನಿಗೆ ರೊಕ್ಕ ಮುಟ್ಟತಿರಲಿಲ್ರಿ. ಒಂದು ಕಾಯಿ, ವೈನ್ಯಾರಿಗೆ ಒಂದು ಖಣ, ಇಷ್ಟ. ಕಟಕೋಳದಾಗ ನಮ್ಮ ತವರಮನ್ಯಾಗೂ ಹಾಕ್ಯಾರ. ಎಷ್ಟ ಊರಾಗ ಹಾಕ್ಯಾರೋ ಪುಣ್ಯಾತ್ಮ.”

ಚಹಾದ ಲೋಟ ಕೆಳಗಿಟ್ಟೆ. ಎಷ್ಟ ಊರಾಗ.

ಒಂದು ಮಾತನ್ನು ಇಲ್ಲಿ ಬರೆಯಲೇಬೇಕು. ಈ ಲೈನನ್ನು ನಾನು ಮೊದಲ ಸಲ ನೋಡಿದ್ದು ಸಿರಸಂಗಿಯಲ್ಲಿ ಅಲ್ಲ. ನಮ್ಮದೇ ಮನೆಯಲ್ಲಿ. ಐಟಿಐ ಮೊದಲ ವರ್ಷ ರಜೆಗೆ ಬಂದವನು ಬೋರ್ಡು ನೋಡಿ, “ಅಣ್ಣಾ, ಇದು ಮೇನ್ ತಗದ್ರೂ ಬಂದ್ ಆಗೂದಿಲ್ಲಲ್ಲ,” ಅಂದಿದ್ದೆ. ಅವನು ನಕ್ಕು, “ಬಂದ್ ಆಗಬಾರದಂತನ ಮಾಡೇನಲೇ. ದೇವರಿಗೆ ಮೇನ್ ಸ್ವಿಚ್ ಯಾಕಲೇ ಸಾಲಿ ಪಂಡಿತಾ?” ಅಂದ. ನನ್ನ ಫೀಗೆ ರೊಕ್ಕ ಕೊಟ್ಟವನು ಅವನು. ಎದುರಾಡಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಹೀಗಿದೆ ಎಂದುಕೊಂಡೆ. ಮತ್ತೆ ಅಟ್ಟದ ಕಡೆ ನೋಡಲೂ ಇಲ್ಲ.

ಮರುದಿನ ಯಾರಿಗೂ ಹೇಳದೆ ಕಟಕೋಳಕ್ಕೆ ಹೋದೆ. ಅದೇ ಗಂಟು, ಅದೇ ಟ್ಯೂಬು. ಇಲ್ಲಿ ಅದಕ್ಕೆ ಫ್ರಿಜ್ ಸಿಕ್ಕಿಸಿದ್ದರು. ಇಲಿ ಕಡಿದು ಗೇಣುದ್ದ ತಾಮ್ರ ಬಯಲಾಗಿ, ಜೋಳದ ಚೀಲಕ್ಕೆ ತಾಗಿಕೊಂಡಿತ್ತು. ಸರಿ ಮಾಡಿ ಬಂದೆ. ಉಳಿದ ಮನೆಗಳು ಯಾವುವೆಂದು ನನಗೆ ಗೊತ್ತಿರಲಿಲ್ಲ. ಅಣ್ಣ ಬರೆದಿಡುವವನಲ್ಲ. ಹೀಗೆ ಎರಡು ದಿನ ಕಳೆದೆ. ಹೊರಗೆ ಎಲ್ಲಿ ಹೊಗೆ ಎದ್ದರೂ, ಕಸ ಸುಡುವ ಹೊಗೆಯಾದರೂ, ಬೈಕ್ ನಿಲ್ಲಿಸಿ ನೋಡುತ್ತಿದ್ದೆ. ಗೊತ್ತಿರಬಹುದಾದವಳು ವೈನಿ ಒಬ್ಬಳೇ. ಅವಳಿಗೆ ಹೇಳುವುದೆಂದರೆ, ನಿನ್ನ ಗಂಡ ಹೋದಲ್ಲೆಲ್ಲ ಸಾವನ್ನು ಕಟ್ಟಿ ಬಂದಿದ್ದಾನೆ ಎಂದು ಹೇಳುವುದು. ಅದೂ ತಿಂಗಳು ತುಂಬುವ ಮೊದಲು. ಮೂರನೆಯ ದಿನ ಊರಿಗೆ ಹೋದೆ. ಹೇಳದೆ ಬಿಟ್ಟು ಒಂದು ಮನೆ ಸುಟ್ಟರೆ ಅದು ಅಣ್ಣನ ತಪ್ಪಲ್ಲ, ನನ್ನದು ಎಂಬುದಷ್ಟೇ ನನ್ನನ್ನು ಅಲ್ಲಿಗೆ ತಂದದ್ದು.

ಅಣ್ಣನನ್ನು ಮಲಗಿಸಿದ್ದ ಜಾಗದಲ್ಲಿ, ಅವನ ಫೋಟೋದ ಮೇಲೆ, ಕೆಂಪು ಬಲ್ಬ್ ಉರಿಯುತ್ತಿತ್ತು. ನಮ್ಮ ಮನೆಯಲ್ಲಿ ತಿಂಗಳ ತನಕ ಅಲ್ಲಿ ದೀಪ ಆರಬಾರದು. ಅದೂ ದೇವರ ಲೈನೇ. ನಾನೇ ದೇವರ ಕೋಣೆಯಿಂದ ಎಳೆದು ಕೊಟ್ಟಿದ್ದೆ, ಹದಿನೆಂಟು ದಿನದ ಹಿಂದೆ, ಅಳುತ್ತ, ಯೋಚಿಸದೆ.

ವೈನಿ ಪೂರ್ತಿ ಕೇಳಿದಳು. ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕೆ ಇಟ್ಟಳು.

“ಅಂದ್ರ ನೀ ಹೇಳೂದು, ಅವರು ಮಂದಿ ಮನ್ಯಾಗ ಬೆಂಕಿ ಇಟ್ಟು ಹೋದ್ರು ಅಂತ.”

“ಇಲ್ರಿ ವೈನಿ. ಅಣ್ಣಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು. ನಾ ಕಲ್ತು ಬಂದಿದ್ದೆ. ಒಮ್ಮೆ ಅಂದೆ, ಅವನು ನಕ್ಕ, ನಾ ಸುಮ್ಮನಾದೆ.”

ಅವಳು ಎದ್ದು ಒಳಗಿಂದ ತಗಡಿನ ಟ್ರಂಕ್ ಎಳೆದು ತಂದಳು. ಅದರೊಳಗೆ ಖಣಗಳಿದ್ದವು. ಕುಪ್ಪಸದ ಖಣಗಳು, ಮಡಿಕೆ ಮುರಿಯದವು, ಒಂದರ ಮೇಲೊಂದು. ಒಂದನ್ನೂ ಹೊಲಿಸಿರಲಿಲ್ಲ.

“ದೇವರ ಕೆಲಸದ್ದು ಅಂತ ಹೊಲಿಸಲಿಲ್ಲ,” ಅಂದಳು. “ಇದು ಸಿರಸಂಗೀದು. ಇದು ಕಟಕೋಳ, ಮೋಟಾರ ಎತ್ತಾಕ ಹೋದಾಗ ಮಳಿ ಬಂದು ಅಲ್ಲೇ ಉಳದಿದ್ರು. ಈ ಗಿಳಿಹಸರು ಕಿತ್ತೂರ ಹತ್ತರದ್ದು, ಬಾಗಿಲದಾಗ ಬೇವಿನ ಗಿಡ ಐತಿ ಅಂತಿದ್ರು. ಬರಕೋ.”

ಒಂದೊಂದನ್ನೇ ತೆಗೆದು ತೊಡೆಯ ಮೇಲೆ ಇಟ್ಟು, ಕೈಯಿಂದ ಸವರಿ, ಊರು ಮನೆ ಹೇಳಿದಳು. ನಾನು ಬರೆದುಕೊಂಡೆ. ಹತ್ತೊಂಬತ್ತು ಖಣ. ಹದಿನೆಂಟಕ್ಕೆ ಮನೆ ಸಿಕ್ಕಿತು. ಒಂದು ಉಳಿಯಿತು. ಬದನೆಕಾಯಿ ಬಣ್ಣ, ಹಸಿರು ಅಂಚು.

“ಇದು ಯಾವಾಗ ಬಂತೋ. ನಾ ತವರಿಗೆ ಹೋದಾಗ ಅವರ ಇಟ್ಟಿರಬೇಕು.” ಅದನ್ನು ನನ್ನ ಕೈಗೆ ಕೊಡುತ್ತ ಅಂದಳು, “ಹೋದ ತಿಂಗಳ ಅವರೂ ಎಲ್ಲಾ ತಗಿಸಿ ಒಂದೊಂದ ಕೇಳಿದ್ರು, ಇದು ಎಲ್ಲೀದು, ಅದು ಎಲ್ಲೀದು ಅಂತ. ಹೊಲಿಸ್ಕೊಳ್ಳ ಅಂತಾರೇನೋ ಅಂತ ಮಾಡಿದ್ದೆ.”

ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ. ಫೋಟೋದ ಮೇಲಿನ ಬಲ್ಬನ್ನು ತೋರಿಸಿ, “ಇದನ್ನ ಇವತ್ತ ತಗೀತೇನಿ,” ಅಂದೆ.

“ಮೊದಲ ಮಂದಿ ಮನಿ. ನಮ್ಮ ಮನ್ಯಾಗ ನಾ ಒಬ್ಬಾಕಿ ಅದೇನಿ. ಇದಕ್ಕ ಬಲ್ಬ್ ಬಿಟ್ಟು ಏನೂ ಹಚ್ಚಿಲ್ಲ. ಅಟ್ಟದ ಮ್ಯಾಲೂ ಏನಿಲ್ಲ. ನೀ ಹೋಗು.”

ಹದಿನೆಂಟರಲ್ಲಿ ಎರಡು ಆಗಿದ್ದವು. ಉಳಿದ ಹದಿನಾರಕ್ಕೂ ಅದೇ ದಿನ ಸುದ್ದಿ ಮುಟ್ಟಿಸಿದೆ. ನಂಬರ್ ಇದ್ದಲ್ಲಿ ಫೋನ್, ಇಲ್ಲದಲ್ಲಿ ಪಕ್ಕದ ಮನೆಯವರಿಂದ. ದೇವರ ಲೈನಿಗೆ ಬಲ್ಬ್ ಬಿಟ್ಟು ಏನಿದ್ದರೂ ತೆಗೆಯಿರಿ, ಅಟ್ಟ ಹತ್ತಬೇಡಿ, ಅಲ್ಲಿ ಮಲಗಬೇಡಿ. ಮರುದಿನದಿಂದ ಊರು ಹಿಡಿದು ಹೊರಟೆ. ಕ್ರಮವನ್ನು ಬದಲಿಸಿದೆ. ಮೇನ್ ತೆಗೆಯುವುದು ಸಾಲದು. ಲೈನ್‌ಮನ್ ಬಂದು ಕಂಬದಲ್ಲಿ ತೆಗೆದ ಮೇಲೆಯೇ ಏಣಿ ಮುಟ್ಟುವುದು. ಹತ್ತಿದ ಮೇಲೂ ಪ್ರತಿ ಗೇಣಿಗೆ ಟೆಸ್ಟರ್ ಇಡುವುದು. ಆದರೂ ಪ್ರತಿ ಅಟ್ಟದ ಬಾಯಲ್ಲಿ ಕಾಲು ನಿಲ್ಲುತ್ತಿತ್ತು. ಬಲಗೈ ಚಾಚಲು ಒಲ್ಲದೆ, ಎಡಗೈಯಿಂದ ಕೆಲಸ ಮಾಡಿದ ದಿನಗಳಿವೆ.

ಮಾತೂ ಬದಲಾಯಿತು. ಸಿರಸಂಗಿಗೆ ಮತ್ತೆ ಹೋಗಿ ಶುರು ಮಾಡಿದೆ. “ವೈರ್ ಹಳೇದಾಗಿದ್ದಲ್ರಿ. ನಮ್ಮಣ್ಣ ಹಾಕಿದ್ದ ತಪ್ಪಿತ್ತು.” ಅಜ್ಜ ನನ್ನನ್ನು ದಿಟ್ಟಿಸಿ, “ಮೊದಲ ದಿನಾನ ಮಾರಿ ಮ್ಯಾಲೆ ಬರದಿತ್ತಲ್ಲೋ ತಮ್ಮಾ. ಕುಂದ್ರು, ಚಾ ಕುಡಿ,” ಅಂದ. ಎಲ್ಲ ಕಡೆ ಹಾಗಾಗಲಿಲ್ಲ. ರಾಮದುರ್ಗದ ಕಡೆಯ ಒಂದು ಮನೆಯಲ್ಲಿ ಗಂಡಸೊಬ್ಬ, “ಸತ್ತಾಂವ ಎದ್ದ ಬಂದು ಬಾಯಿ ಬಿಡೂದಿಲ್ಲಂತ ಅವನ ಮ್ಯಾಲೆ ಹಾಕಾಕ ಹತ್ತೀಯಲ್ಲ, ಒಡಹುಟ್ಟಿದಾಂವ ಹೌದಿಲ್ಲೋ?” ಅಂದ. ನಾನು ಅಟ್ಟದಿಂದ ಕಿತ್ತು ತಂದ ಕರಕಾದ ಜೋಡಣೆಯನ್ನು ಅವನ ಅಂಗೈಯಲ್ಲಿ ಇಟ್ಟೆ.

ಬದನೆಕಾಯಿ ಬಣ್ಣದ ಖಣ ಕೆಲಸದ ಚೀಲದಲ್ಲೇ ಇತ್ತು. ಹೋದ ಮನೆಯಲ್ಲೆಲ್ಲ ಹೆಣ್ಣುಮಕ್ಕಳಿಗೆ ತೋರಿಸಿದೆ. ವೈರಿಂಗ್ ಮಾಡುವವ ಕುಪ್ಪಸದ ಖಣ ತೆಗೆದು ಕೇಳುವುದನ್ನು ನೋಡಿ ನಕ್ಕವರುಂಟು. ಯಾರಿಗೂ ಗುರುತಿರಲಿಲ್ಲ. ಮುಗಿದ ಮನೆಗಳು ಹೆಚ್ಚಾದಂತೆ ಆ ಒಂದರ ಹೆದರಿಕೆ ಕಡಿಮೆಯಾಗಲಿಲ್ಲ, ಎಲ್ಲವೂ ಅದರೊಳಗೇ ಬಂದು ಕೂಡಿಕೊಂಡಿತು. ಅಲ್ಲಿ ಯಾರಿಗೂ ಫೋನ್ ಹೋಗಿರಲಿಲ್ಲ. ಅಲ್ಲಿಯೂ ಒಬ್ಬಳು ಕಾಯಿಲ್ ಹಚ್ಚುತ್ತಿರಬಹುದು.

ಹದಿನೆಂಟನೆಯದು, ಬಾಗಿಲಲ್ಲಿ ಬೇವಿನ ಮರವಿದ್ದ ಕಿತ್ತೂರಿನ ಹತ್ತಿರದ ಮನೆ. ಅಲ್ಲಿಯ ಹೆಣ್ಣುಮಗಳು ಖಣ ಕೈಗೆ ತೆಗೆದುಕೊಂಡು ಅಂಚನ್ನು ತಿರುವಿ ನೋಡಿದಳು. ಒಳಗೆ ಹೋಗಿ ಅಂಥದ್ದೇ ಒಂದು ಕುಪ್ಪಸ ತಂದಳು. “ನಾನೂ ನನ್ನ ತಂಗೀನೂ ಕೂಡೇ ತಗೊಂಡಿದ್ವಿರಿ. ಆಕಿ ಅತ್ತಿ ನಿಮ್ಮಣ್ಣಾರಿಗೆ ಕೊಟ್ಟಾರ. ದೇಗಾಂವದಾಗ.”

ಅವಳ ಮಾತು ಮುಗಿಯುವ ಮೊದಲೇ ಬೈಕ್ ಹತ್ತಿದೆ. ದೇಗಾಂವಕ್ಕೆ ಹೇಗೆ ಹೋದೆನೋ ನೆನಪಿಲ್ಲ. ಮನೆ ಕಂಡಾಗ ಬೈಕ್ ಇಳಿಯಲಾಗಲಿಲ್ಲ. ಗೋಡೆಯ ಮೇಲ್ಭಾಗ ಕಪ್ಪಾಗಿತ್ತು. ಮಾಳಿಗೆಯ ಅರ್ಧಕ್ಕೆ ಹೊಸ ತಗಡು ಹಾಕಿದ್ದರು.

ಕಟ್ಟೆಯ ಮೇಲೆ ಮುದುಕಿಯೊಬ್ಬಳು ಕುಳಿತಿದ್ದಳು. ಎರಡೂ ಅಂಗೈ ಮಾಗಿದ ಗಾಯದಿಂದ ಬೆಳ್ಳಗೆ ಬಿಗಿದುಕೊಂಡಿದ್ದವು. ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ನಾನು ಖಣವನ್ನು ತೆಗೆದು ಅವಳ ಮುಂದೆ ಇಟ್ಟೆ.

“ಆಯಿ, ನಾ ದೇವರ ಲೈನ್ ಹಾಕಿದವರ ತಮ್ಮ. ಈ ಬೆಂಕಿ—”

“ಗೊತ್ತೈತೆಪಾ.” ಮುದುಕಿ ಖಣವನ್ನು ಮಣಿಕಟ್ಟಿನಿಂದ ಹತ್ತಿರ ಎಳೆದುಕೊಂಡಳು. “ನಾವು ಇಲಿ ದೀಪದ ಬತ್ತಿ ಒಯ್ದೈತಿ ಅಂತ ಮಾಡಿದ್ವಿ. ಕಟ್ಟಿದ್ದ ಆಕಳ ಕರಾ ಬಿಡಸಾಕ ಹೋಗಿ ನನ್ನ ಕೈ ಹಿಂಗಾತು. ಕರಾ ಉಳೀಲಿಲ್ಲ. ಸುದ್ದಿ ಕೇಳಿ ನಿಮ್ಮಣ್ಣ ಬಂದ. ಅಟ್ಟ ಹತ್ತಿ ಇಳದು ಬಂದು, ಇಲ್ಲೇ, ನೀ ನಿಂತಲ್ಲೇ ಕುಂತ. ಚಾ ಕುಡೀಲಿಲ್ಲ. ‘ಇಲಿ ಅಲ್ಲ ಆಯಿ, ನಾನ’ ಅಂದ. ನನ್ನ ಕೈ ಹಿಡಕೊಂಡು ಅತ್ತ. ಸುಟ್ಟ ವೈರ್ ಒಂದು ತುಂಡು ಕಿಸೇದಾಗ ಇಟ್ಕೊಂಡ. ‘ಎಲ್ಲೆಲ್ಲಿ ಹಾಕೇನಿ ಎಲ್ಲಾ ತಗೀತೇನಿ’ ಅಂದ. ಆಮ್ಯಾಲೆ ಬರಲೇ ಇಲ್ಲ. ಯಾಕಪಾ, ಅಂಜಿದನೇನ?”

“ತೀರಿಕೊಂಡ, ಆಯಿ.”

ನಾನೂ ಅಲ್ಲೇ ಕುಳಿತೆ.

ವೈನಿಯ ಟ್ರಂಕ್ ಅವನು ಏಕೆ ತೆಗೆಸಿದ್ದನೆಂದು ಈಗ ತಿಳಿಯಿತು. ನಾನು ಮಾಡಿದ ಪಟ್ಟಿಯನ್ನೇ ಅವನು ಮಾಡುತ್ತಿದ್ದ. ತಪ್ಪು ಕಂಡ ದಿನವೇ ಅವನು ಒಪ್ಪಿದ. ನಾನು ಓದಿ ಕಲಿತು, ಕಂಡು, ಇಷ್ಟು ವರ್ಷ ಸುಮ್ಮನಿದ್ದವನು.

ಆ ಮನೆಯಲ್ಲಿ ಕೀಳಲು ಏನೂ ಉಳಿದಿರಲಿಲ್ಲ. ಹೊಸದಾಗಿ ಹಾಕಿದ್ದ ವೈರನ್ನು ಪರೀಕ್ಷೆ ಮಾಡಿ, ಅರ್ಥಿಂಗ್ ಸರಿಪಡಿಸಿ ಹೊರಟೆ. ಮುದುಕಿ ಖಣವನ್ನು ನನ್ನ ಚೀಲಕ್ಕೇ ಹಾಕಿಸಿದಳು. “ಕೊಟ್ಟದ್ದನ್ನ ತಿರಗಿ ತಗೋಬಾರದು,” ಅಂದಳು.

ಸಂಜೆಗೆ ಮೊದಲೇ ಊರು ಮುಟ್ಟಿದೆ. ವೈನಿಗೆ ಹೇಳಿದೆ. ಅವಳು ಒಳಗೆ ಹೋಗಿ, ಗೂಟಕ್ಕೆ ತೂಗುಹಾಕಿದ್ದ ಅಣ್ಣನ ಅಂಗಿ ತಂದಳು. ತೊಳೆದಿರಲಿಲ್ಲ. ಜೇಬಿನಿಂದ ಕಪ್ಪಾದ ವೈರಿನ ತುಂಡು ತೆಗೆದಳು. “ಮೋಟಾರಿಂದೇನೋ ಅಂತ ಇಟ್ಟಿದ್ದೆ,” ಅಂದಳು. ಅದರ ಮೇಲೆ ಅರ್ಧ ಸುಟ್ಟ ಗಂಟು ಇತ್ತು.

“ಇನ್ನ ನಮ್ಮ ಮನಿ ಅಷ್ಟ ಉಳೀತಲ್ಲ,” ಅಂದಳು.

ತಿಂಗಳು ತುಂಬಲು ಐದು ದಿನ ಇತ್ತು. ಅವಳು ಹಣತೆಗೆ ಎಣ್ಣೆ ಹಾಕಿ, ಬತ್ತಿ ಹೊಸೆದು, ಫೋಟೋದ ಮುಂದೆ ಹಚ್ಚಿದಳು. ಆಮೇಲೆ ಏಣಿ ಹಿಡಿದು ನಿಂತಳು. ಲೈನ್‌ಮನ್ ಕಂಬದಲ್ಲಿ ತೆಗೆದ. ನಾನು ಅಟ್ಟ ಹತ್ತಿದೆ. ಧೂಳು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಕೂರಿಗೆಯ ಗಂಟುಗಳು ನಾಲ್ಕು ಇದ್ದವು. ಬಿಚ್ಚಲು ಬರಲಿಲ್ಲ, ಕತ್ತರಿಸಿದೆ. ಮೇನ್ ಸ್ವಿಚ್ ದಾಟಿದ ಮೇಲಿನಿಂದ ಹೊಸ ವೈರು ಎಳೆದು ಅದೇ ಕೆಂಪು ಬಲ್ಬಿಗೆ ಕೊಟ್ಟೆ. ಕರೆಂಟ್ ಬಂತು. ಬಲ್ಬ್ ಹೊತ್ತಿತು.

ಇನ್ನು ಪರೀಕ್ಷೆಯೊಂದು ಬಾಕಿ. ಮೇನ್ ತೆಗೆದರೆ ಈ ಬಲ್ಬ್ ಆರಬೇಕು. ನಾನು ಬೋರ್ಡಿನ ಮುಂದೆ ನಿಂತೆ. ವೈನಿ ಫೋಟೋದ ಹತ್ತಿರ ಕುಳಿತಿದ್ದಳು. ಮೇನ್ ಸ್ವಿಚ್ ಕೆಳಗೆ ಎಳೆದೆ. ನಾನಿದ್ದಲ್ಲಿಂದ ಒಳಗಿನ ಬಲ್ಬ್ ಕಾಣುತ್ತಿರಲಿಲ್ಲ.

“ಆರಿತೇನ್ರಿ, ವೈನಿ?” ಎಂದು ಕೇಳಿದೆ.

ಒಳಗೆ ಹಣತೆಯನ್ನು ಹತ್ತಿರಕ್ಕೆ ಸರಿಸಿದ ಸದ್ದಾಯಿತು.

“ಆರಿತು,” ಅಂದಳು. “ಇಲ್ಲಿ ಹಣತಿ ಐತಿ. ನೀ ಇನ್ನೊಮ್ಮೆ ಹಾಕಿ ತಗದು ನೋಡು.”